ಮೇಷ್ಟ್ರು ಓದಿದ ಸತ್ಯವೇದ

ಮದುವೆಯಾಗಿ ನಂಜನಗೂಡಿಗೆ ಬಂದ ಮರುದಿನ ಬೆಳಗಿನ ಐದು ಗಂಟೆಗೇ ಅತ್ತೆ ನನ್ನನ್ನು ಎಬ್ಬಿಸಿದರು. ನಾನು ಮುಖ ತೊಳೆದು ಬರುವಷ್ಟರಲ್ಲಿ ನಡುಮನೆಯಲ್ಲಿ ಚಾಪೆ ಹಾಸಿತ್ತು. ಅವರು ತಲೆಯ ಮೇಲೆ ಸೆರಗು ಹೊದ್ದು ಗೋಡೆಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಕಪ್ಪು ರಟ್ಟಿನ ದಪ್ಪ ಸತ್ಯವೇದ, ಕನ್ನಡದ ಬೈಬಲ್. ಅದನ್ನು ನನ್ನ ಕೈಗಿಟ್ಟು, ಇನ್ನು ಮೇಲೆ ಓದುವ ಕೆಲಸ ನಿನ್ನದು ಎಂದರು. ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡ ರಜೆ ಸಿಕ್ಕ ಹುಡುಗನ ಹಾಗೆ ನಗುತ್ತ ಸ್ನಾನಕ್ಕೆ ಹೋದರು.

ಅತ್ತೆಗೆ ಓದು ಬರುತ್ತಿರಲಿಲ್ಲ. ಹೆಮ್ಮರಗಾಲದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಏಳನೆಯ ವಯಸ್ಸಿಗೇ ಕಳೆ ಕೀಳಲು ಹೋದವರು. ಮದುವೆಯಾದ ಮೇಲೆ ಮಾವ ದಿನವೂ ಬೆಳಗ್ಗೆ ಒಂದು ಅಧ್ಯಾಯ, ಒಂದು ಕೀರ್ತನೆ ಓದಿ ಹೇಳುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಆ ಕೆಲಸ ಮಗನಿಗೆ ಬಂದಿತ್ತು. ಮಗನಿಂದ ಈಗ ನನಗೆ ಬಂತು. ಓದು ಮುಗಿದ ಮೇಲೆ ಪ್ರಾರ್ಥನೆ ಮಾತ್ರ ಅತ್ತೆಯದೇ. ಅದರಲ್ಲಿ ನಮ್ಮ ಬೀದಿಯವರೆಲ್ಲರೂ ಇರುತ್ತಿದ್ದರು, ಹಾಲಿನವನ ಎಮ್ಮೆಯೂ ಇರುತ್ತಿತ್ತು.

ನಾನು ಆಗ ಮೂಗೂರಿನ ಆಚೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮೊದಲನೆಯದು ತಪ್ಪಿದರೆ ಎರಡನೆಯದೂ ತಪ್ಪಿದ ಹಾಗೆಯೇ. ಹೀಗಾಗಿ ನನ್ನ ಒಂದು ಕಣ್ಣು ಪುಟದ ಮೇಲೆ, ಇನ್ನೊಂದು ಗೋಡೆ ಗಡಿಯಾರದ ಮೇಲೆ. ತಡವಾದ ದಿನ ನಡುವೆ ಎರಡು ಮೂರು ವಚನ ಹಾರಿಸಿಬಿಡುತ್ತಿದ್ದೆ. ಅಕ್ಷರ ಬಾರದ ಅತ್ತೆ ಕಣ್ಣು ಮುಚ್ಚಿಕೊಂಡೇ ನನ್ನನ್ನು ಹಿಡಿಯುತ್ತಿದ್ದರು.

"ಅಲ್ಲೇನೋ ಬುಟ್ಟೆ ಕಣವ್ವ. ವಾಪಸ್ ಓಗು."

ನಲವತ್ತು ವರ್ಷ ಕೇಳಿ ಕೇಳಿ ಅವರಿಗೆ ಮುಕ್ಕಾಲು ಪುಸ್ತಕ ಬಾಯಿಪಾಠವಾಗಿತ್ತು. ನಾನು ನಾಚಿಕೊಂಡು ಹಿಂದಕ್ಕೆ ಹೋಗಿ ಓದುತ್ತಿದ್ದೆ. ಬಸ್ಸು ತಪ್ಪುತ್ತಿತ್ತು.

ಹುಟ್ಟಿನಿಂದ ಕ್ರೈಸ್ತಳೇ ಆದರೂ ಪ್ರಾರ್ಥನೆ ಎಂದರೆ ನನಗೆ ಒಂದು ಪಟ್ಟಿ. ಬಸ್ಸು ಸಿಗಲಿ, ಹತ್ತಿರದ ಊರಿಗೆ ವರ್ಗಾವಣೆಯಾಗಲಿ, ತಪಾಸಣೆಗೆ ಬರುವ ಸಾಹೇಬರು ಇವತ್ತು ಬಾರದಿರಲಿ, ತವರಿನಲ್ಲಿ ಅಮ್ಮನ ಕೆಮ್ಮು ವಾಸಿಯಾಗಲಿ. ಆಮೆನ್ ಎಂದ ಮರುಕ್ಷಣವೇ ಆ ಎಲ್ಲ ಚಿಂತೆಗಳನ್ನೂ ಮತ್ತೆ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆ. ಚಿಂತೆ ಮಾಡುವುದು ನನ್ನ ಹುಟ್ಟುಗುಣ ಎಂದೇ ನಂಬಿದ್ದೆ.

ನಮ್ಮ ಶಾಲೆಯಲ್ಲಿ ಒಂದೇ ಹಾಲ್‌ನಲ್ಲಿ ಎರಡು ತರಗತಿ ನಡೆಯುತ್ತಿದ್ದವು. ಆ ಕಡೆ ಮಗ್ಗಿ, ಈ ಕಡೆ ಪದ್ಯ. ಅವರಿಗಿಂತ ಜೋರಾಗಿ ಕೂಗದಿದ್ದರೆ ನನ್ನ ಮಕ್ಕಳಿಗೆ ಪಾಠ ಕೇಳಿಸುತ್ತಿರಲಿಲ್ಲ. ನಾಲ್ಕು ವರ್ಷ ಹಾಗೆ ಕೂಗಿದೆ. ಒಂದು ದೀಪಾವಳಿ ಕಳೆದ ಮೇಲೆ ಗಂಟಲು ಕಟ್ಟಿತು. ಕಷಾಯ ಕುಡಿದೆ, ಮೆಣಸು ಜಗಿದೆ, ಬಿಡಲಿಲ್ಲ. ನವೆಂಬರ್ ಕೊನೆಯ ಹೊತ್ತಿಗೆ ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಮೈಸೂರಿನಲ್ಲಿ ಗಂಟಲಿನ ಡಾಕ್ಟರು ಒಳಗೆ ಕನ್ನಡಿ ಇಳಿಸಿ ನೋಡಿ, ಧ್ವನಿ ಹೊರಡುವ ಜಾಗದಲ್ಲಿ ರಾಗಿ ಕಾಳಿನಷ್ಟು ಎರಡು ಗಂಟು ಎದ್ದಿವೆ ಎಂದರು. ಆರು ವಾರ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂಬಾರದು. ಕರಗಿದರೆ ಸರಿ, ಇಲ್ಲದಿದ್ದರೆ ಆಪರೇಷನ್.

ಮನೆಗೆ ಬರುವ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಅಳುವುದಕ್ಕೂ ಸದ್ದು ಮಾಡುವಂತಿರಲಿಲ್ಲ. ಧ್ವನಿಯೇ ಹೋದರೆ ಟೀಚರ್ ಕೆಲಸ ಎಲ್ಲಿ ಉಳಿಯುತ್ತದೆ ಎಂಬುದೊಂದೇ ಯೋಚನೆ. ಗಂಡ ಸಮಾಧಾನ ಮಾಡಲು ಒಂದು ಸ್ಲೇಟು, ಬಳಪ ಕೊಡಿಸಿದರು. ಏನು ಬೇಕೋ ಬರೆದು ತೋರಿಸು ಎಂದರು. ಮನೆಗೆ ಬಂದು, ಆತುರದಿಂದ ಎದುರು ಬಂದ ಅತ್ತೆಗೆ ಎಲ್ಲವನ್ನೂ ಬರೆದು ಮುಂದೆ ಹಿಡಿದೆ. ಅವರು ಸ್ಲೇಟನ್ನೂ ನನ್ನ ಮುಖವನ್ನೂ ನೋಡಿ, "ನಂಗೇನು ತೋರುಸ್ತೀಯ ಮಗ?" ಎಂದರು. ಆಗ ನಮ್ಮ ಮೂವರಿಗೂ ಹೊಳೆಯಿತು. ದಿನವಿಡೀ ಮನೆಯಲ್ಲಿರುವವರು ನಾನು ಮತ್ತು ಅತ್ತೆ. ನನಗೆ ಮಾತಿಲ್ಲ, ಅವರಿಗೆ ಓದಿಲ್ಲ. ಗಂಡ ಮೊದಲು ನಕ್ಕರು, ಆಮೇಲೆ ಅತ್ತೆ, ಕೊನೆಗೆ ಸದ್ದಿಲ್ಲದೆ ನಾನು.

ಆ ವಾರ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಕೈಸನ್ನೆಯ ನಾಟಕ. ಉಪ್ಪು ಎಂದು ತೋರಿಸಿದರೆ ಸಕ್ಕರೆ ಬರುತ್ತಿತ್ತು. ಬಿಸಿನೀರು ಎಂದರೆ ನನಗೆ ಜ್ವರ ಬಂದಿದೆ ಎಂದುಕೊಂಡು ಹಣೆ ಮುಟ್ಟುತ್ತಿದ್ದರು.

ಬೆಳಗಿನ ಓದು ಮತ್ತೆ ಮಗನ ಪಾಲಿಗೆ ಬಂತು. ಅವರು ಮೈಸೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮುಂಜಾನೆಯ ರೈಲಿಗೆ ಹೋಗಬೇಕು. ಬೂಟಿನ ಲೇಸು ಕಟ್ಟುತ್ತಲೇ ಓದುತ್ತಿದ್ದರು, ಪೂರ್ಣವಿರಾಮ ಎಂಬುದೇ ಇರಲಿಲ್ಲ. ಮೂರನೆಯ ದಿನ ಅತ್ತೆ ಪುಸ್ತಕ ಕಿತ್ತುಕೊಂಡರು.

"ಲೇ, ದೇವ್ರ ಮಾತ್ನ ಇಂಗಾ ಓದಾದು? ರೈಲ್ ಟೇಸನ್‌ನಲ್ಲಿ ಕೂಗ್ದಂಗೆ. ಓಗು, ಕೆಲ್ಸಕ್ಕೆ ಓಗು."

ಅವತ್ತು ಬೆಳಗ್ಗೆ ಓದಿಲ್ಲದೆ ಪ್ರಾರ್ಥನೆಯಾಯಿತು. ಅತ್ತೆ ಊಟ ಮಾಡುವಾಗಲೂ ಮಂಕಾಗಿದ್ದರು. ಮಧ್ಯಾಹ್ನ ಏನನ್ನೋ ನಿರ್ಧರಿಸಿದವರಂತೆ ಎದ್ದು ಪಕ್ಕದ ಮನೆಗೆ ಹೋದರು.

ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಕನ್ನಡ ಮೇಷ್ಟ್ರು. ಸುತ್ತೂರಿನ ಕಡೆಯವರು. ಮಠದ ಶಾಲೆಯಲ್ಲಿ ಓದಿ ಮೇಲೆ ಬಂದವರು, ಹಣೆಯ ಮೇಲೆ ಮೂರು ಎಳೆ ವಿಭೂತಿ ಇಲ್ಲದೆ ಬಾಗಿಲಿಗೆ ಬಂದವರಲ್ಲ. ನಮ್ಮ ಅವರ ನಡುವೆ ಇದ್ದದ್ದು ನಮಸ್ಕಾರ, ಕುಶಲ, ಕರಿಬೇವಿನ ಸೊಪ್ಪು, ಇಷ್ಟೇ. ಅವರ ಹತ್ತಿರ ಹೋಗಿ ಅತ್ತೆ ನಮ್ಮ ಸತ್ಯವೇದ ಓದಿಕೊಡಿ ಎಂದು ಕೇಳಿದ್ದಾರೆ ಎಂದು ತಿಳಿದಾಗ ನಾನು ನಾಚಿಕೆಯಿಂದ ಕುಗ್ಗಿಹೋದೆ. ಹಾಗೆಲ್ಲ ಕೇಳಬಾರದು ಎಂದು ಸನ್ನೆ ಮಾಡಿದೆ. ಅತ್ತೆ ಅದನ್ನು ಅರ್ಥವಾಗದ ಸನ್ನೆಗಳ ಲೆಕ್ಕಕ್ಕೆ ಸೇರಿಸಿಬಿಟ್ಟರು.

ಮರುದಿನ ಆರು ಗಂಟೆಗೆ ಮೇಷ್ಟ್ರು ಬಂದರು. ಶಾಲು ಹೊದ್ದಿದ್ದರು, ಕೈಯಲ್ಲಿ ಅವರದೇ ಮನೆಯ ಸ್ಟೀಲ್ ಲೋಟದಲ್ಲಿ ಕಾಫಿ. ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತರು. ನಾವಿಬ್ಬರೂ ಹೊಸಿಲ ಒಳಗೆ ಕೂತೆವು. ಕನ್ನಡಕ ಏರಿಸಿಕೊಂಡು ಮೊದಲೇ ಒಂದು ಮಾತು ಹೇಳಿಬಿಟ್ಟರು: "ನೋಡೀಮ್ಮ, ನನ್ನ ದೇವರು ನನಗೆ, ನಿಮ್ಮ ದೇವರು ನಿಮಗೆ. ನಾನು ಓದೋದು ನೀವು ಕೇಳಿದ್ರಿ ಅಂತ."

ಅತ್ತೆ, "ಓದಕ್ಕೆ ನಾಲ್ಗೆ ಒಂದಿದ್ರೆ ಸಾಕು ಮೇಷ್ಟ್ರೇ," ಎಂದರು.

ಎಲ್ಲಿಂದ ಓದಲಿ ಎಂದು ಅವರು ಕೇಳಿದಾಗ ಅತ್ತೆ ಎಲ್ಲಿಂದಾದರೂ ಆಗಬಹುದು ಎಂದರು. ಮೇಷ್ಟ್ರಿಗೆ ಅದು ಒಪ್ಪಿಗೆಯಾಗಲಿಲ್ಲ. ಯಾವ ಗ್ರಂಥವನ್ನೇ ಆಗಲಿ ಮೊದಲ ಪುಟದಿಂದ ಓದಬೇಕು ಎಂದು, ಲೋಕ ಹುಟ್ಟಿದ ಕಥೆಯಿಂದಲೇ ಶುರುಮಾಡಿದರು. ಕತ್ತಲು, ನೀರು, ಮೊದಲ ಬೆಳಕು. ಮೂವತ್ತೈದು ವರ್ಷ ಹಳೆಗನ್ನಡ ಪಾಠ ಮಾಡಿದ ಗಂಟಲು ಅದು. ಪ್ರತಿ ಪದಕ್ಕೂ ಅದರ ಜಾಗ ಕೊಟ್ಟು, ವಾಕ್ಯ ಮುಗಿದಲ್ಲಿ ನಿಂತು, ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಬೀದಿಯಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿ ಕೇಳಿದ. ಆ ಅಧ್ಯಾಯವನ್ನು ನಾನೇ ಎಷ್ಟೋ ಸಲ ಓದಿದ್ದೆ. ಅದರಲ್ಲಿ ಇಷ್ಟೊಂದು ಬೆಳಕು ಇದೆ ಎಂದು ನನಗೆ ಗೊತ್ತಿರಲಿಲ್ಲ.

ಪೂರ್ವಜರ ಹೆಸರಿನ ಪಟ್ಟಿ ಬಂದ ದಿನ ಮೇಷ್ಟ್ರು ತಡವರಿಸಿದರು. ಅತ್ತೆ ಒಳಗಿನಿಂದ ಒಂದೊಂದೇ ಹೆಸರು ತಿದ್ದಿಕೊಟ್ಟರು. ಜೀವಮಾನವಿಡೀ ಬೇರೆಯವರ ಉಚ್ಚಾರಣೆ ತಿದ್ದಿದ್ದ ಮನುಷ್ಯ ಕನ್ನಡಕದ ಮೇಲಿನಿಂದ ಅತ್ತೆಯನ್ನು ನೋಡಿ, ವಿಧೇಯ ವಿದ್ಯಾರ್ಥಿಯ ಹಾಗೆ ಮತ್ತೊಮ್ಮೆ ಹೇಳಿದರು. ಇನ್ನೊಂದು ದಿನ ಅತ್ತೆ ಪ್ರಾರ್ಥನೆಯಲ್ಲಿ ಮೇಷ್ಟ್ರ ಮಂಡಿನೋವು ವಾಸಿಯಾಗಲಿ ಎಂದು ಬೇಡಿದರು, ಬಲಮಂಡಿ ಎಂದು ಬಿಡಿಸಿಯೂ ಹೇಳಿದರು. ಮೇಷ್ಟ್ರು ಒಂದು ಕಣ್ಣು ತೆರೆದು ತಮ್ಮ ಮಂಡಿಯನ್ನು ನೋಡಿಕೊಂಡದ್ದನ್ನು ನಾನು ಕಂಡೆ. ಎರಡನೆಯ ವಾರ ಅವರ ಹೆಂಡತಿ ಕಾಂಪೌಂಡ್ ಗೋಡೆಯ ಆ ಕಡೆ ಸೊಪ್ಪು ಬಿಡಿಸುತ್ತ ಕೂರತೊಡಗಿದರು. ಮೂರನೆಯ ವಾರ ಚಳಿ ಜಾಸ್ತಿಯಾಯಿತು. ಅತ್ತೆ ಚಾಪೆಯ ಪಕ್ಕ ಒಂದು ಕುರ್ಚಿ ಹಾಕಿಟ್ಟರು. ಮೇಷ್ಟ್ರು ಜಗಲಿಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಅವತ್ತು ಅವರು ಕುಡಿದದ್ದು ನಮ್ಮ ಮನೆಯ ಕಾಫಿ.

ನನ್ನ ಒಳಗೆ ಏನು ನಡೆಯುತ್ತಿತ್ತು ಎಂದು ಹೇಳುವುದು ಕಷ್ಟ. ಮೊದಲ ದಿನಗಳಲ್ಲಿ ಮಾತಿಲ್ಲದ ಬಾಯಿಯ ಹಿಂದೆ ತಲೆ ಎರಡರಷ್ಟು ಮಾತಾಡುತ್ತಿತ್ತು. ಆಪರೇಷನ್, ಕೆಲಸ, ರಜೆ, ಗಂಟಲು. ಪ್ರಾರ್ಥನೆಗೆ ಕೂತರೆ ಅದೇ ಪಟ್ಟಿ, ಈಗ ಇನ್ನೂ ಉದ್ದ. ಆದರೆ ದಿನಕ್ಕೆ ಹತ್ತು ಸಲ ಅದೇ ಪಟ್ಟಿ ಒಪ್ಪಿಸಿ ಒಪ್ಪಿಸಿ, ಒಂದು ಹಂತದಲ್ಲಿ ನನಗೇ ಬೇಸರ ಬಂತು. ಕೇಳುವವನಿಗೆ ಇದೆಲ್ಲ ಒಂದೇ ಸಲಕ್ಕೆ ತಿಳಿದಿರಬೇಕಲ್ಲ ಎನ್ನಿಸಿತು. ಹೇಳುವುದನ್ನು ಬಿಟ್ಟು ಸುಮ್ಮನೆ ಕೂತೆ.

ದಿನದ ಅಧ್ಯಾಯದ ಜೊತೆ ಒಂದೊಂದಾಗಿ ಓದುತ್ತಿದ್ದ ಕೀರ್ತನೆಗಳಲ್ಲಿ ನಾಲ್ಕನೆಯ ವಾರ ಕುರುಬನ ಕೀರ್ತನೆ ಬಂತು, ದೇವರೇ ನನ್ನ ಕುರುಬ ಎನ್ನುವುದು. ಸಾವಿನ ಮನೆಯಲ್ಲಿ, ಮದುವೆ ಮನೆಯಲ್ಲಿ, ಭಾನುವಾರದ ಶಾಲೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದು. ಮೇಷ್ಟ್ರು ತಣ್ಣಗಿರುವ ನೀರಿನ ಮಾತು ಬಂದಲ್ಲಿ ಒಂದು ಗಳಿಗೆ ನಿಲ್ಲಿಸಿದರು. ಪುಟ ಸರಿಯಾಗಿ ಕಾಣದೆ ನಿಲ್ಲಿಸಿದರೋ ಏನೋ. ಆ ಮೌನದಲ್ಲಿ ನನಗೆ ನಮ್ಮೂರ ಹೊಳೆ ಕಪಿಲೆ ಕಂಡಳು, ಬೆಳಗಿನ ಹೊತ್ತು ಇನ್ನೂ ಯಾರೂ ಇಳಿಯದ ಸೋಪಾನದ ಹತ್ತಿರ ಇರುವ ಹಾಗೆ. ಎದೆಯ ಮೇಲಿದ್ದ ಯಾವುದೋ ಭಾರವನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಮೇಷ್ಟ್ರು ಮುಂದಕ್ಕೆ ಓದಿದರು, ಅತ್ತೆ ಪ್ರಾರ್ಥಿಸಿದರು, ನಾನು ಎದ್ದು ಹಿಟ್ಟು ಕಲಸಿದೆ. ಮಧ್ಯಾಹ್ನದವರೆಗೂ ಗಂಟಲಿನ ನೆನಪೇ ಬಂದಿರಲಿಲ್ಲ ಎಂಬುದು ಗಮನಕ್ಕೆ ಬಂದು ಆಶ್ಚರ್ಯಪಟ್ಟೆ. ಅಂದಿನಿಂದ ಊಟವಾದ ಮೇಲೆ ನಾನೊಬ್ಬಳೇ ಹಿತ್ತಲ ಬಾಗಿಲಲ್ಲಿ ಕೂತು, ಬೆರಳಿಟ್ಟು, ನಾಲ್ಕೇ ನಾಲ್ಕು ವಚನ ಓದುವ ಅಭ್ಯಾಸ ಮಾಡಿಕೊಂಡೆ. ಹಾರಿಸುವ ಅವಸರವಿರಲಿಲ್ಲ. ಯಾವ ಬಸ್ಸೂ ಕಾಯುತ್ತಿರಲಿಲ್ಲ.

ಕ್ರಿಸ್ಮಸ್ ದಿನ ಚರ್ಚಿನಲ್ಲಿ ಎಲ್ಲರೂ ಹಾಡುವಾಗ ನಾನು ತುಟಿ ಬಿಗಿದು ನಿಂತಿದ್ದೆ. ಅತ್ತೆ ನನ್ನ ಪಾಲನ್ನೂ ಸೇರಿಸಿ ಹಾಡಿದರು. ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ. ಸಂಜೆ ಕಲ್ಕಲ್, ರೋಸ್ ಕುಕೀಸ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಪಕ್ಕದ ಮನೆಗೆ ಹೋಯಿತು. ತಟ್ಟೆ ಹೋಳಿಗೆ ತುಂಬಿಕೊಂಡು ವಾಪಸ್ ಬಂತು.

ವರ್ಷದ ಕೊನೆಯಲ್ಲಿ ಆ ಕಥೆ ಶುರುವಾಯಿತು. ಅಪ್ಪನ ಮುದ್ದಿನ ಮಗನನ್ನು ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಗುಂಡಿಗೆ ನೂಕಿ, ದಾರಿಹೋಕ ವ್ಯಾಪಾರಿಗಳಿಗೆ ಮಾರಿಬಿಡುವ ಕಥೆ. ಮೇಷ್ಟ್ರಿಗೆ ಅದು ಹೊಸದು. ಆ ಹುಡುಗ ದೂರದೇಶದಲ್ಲಿ ಜೈಲು ಸೇರಿದಾಗ ಅಧ್ಯಾಯ ಮುಗಿಯಿತು. ಮುಂದೇನಾಯಿತು ಎಂದು ಮೇಷ್ಟ್ರು ಅತ್ತೆಯನ್ನು ಕೇಳಿದರು. ನಾಳೆ ಓದಿದರೆ ಗೊತ್ತಾಗುತ್ತದೆ ಎಂದು ಅತ್ತೆ ಹೇಳಿದರು. ಪುಸ್ತಕವನ್ನಾದರೂ ಕೊಡಿ, ಸಂಜೆ ನೋಡಿ ತಂದುಕೊಡುತ್ತೇನೆ ಎಂದರು ಮೇಷ್ಟ್ರು. ಅತ್ತೆ ಅದಕ್ಕೂ ಒಪ್ಪಲಿಲ್ಲ. ಕೊನೆ ಗೊತ್ತಿದ್ದು ಓದಿದರೆ ಓದಿನ ರುಚಿ ಹೋಗುತ್ತದೆ ಎಂಬುದು ಅವರ ವಾದ. ಮೇಷ್ಟ್ರು ಮರುದಿನ ಐದೂವರೆಗೇ ಬಂದು ಕದ ತಟ್ಟಿದರು.

ಇದರ ನಡುವೆ ಆರು ವಾರ ತುಂಬಿ ನಾನು ಮೈಸೂರಿಗೆ ಹೋದೆ. ಆಸ್ಪತ್ರೆಯ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆ. ನನ್ನ ಸರದಿ ಬಂತೆಂದು ಗಂಡನೇ ಭುಜ ಮುಟ್ಟಿ ಹೇಳಬೇಕಾಯಿತು. ಡಾಕ್ಟರು ನೋಡಿ, ಗಂಟು ಅರ್ಧ ಕರಗಿವೆ, ಇನ್ನೊಂದು ತಿಂಗಳು ಹೀಗೇ ಇರಿ, ಆಪರೇಷನ್ ಮಾತು ಆಮೇಲೆ ನೋಡೋಣ ಎಂದರು. ಹಿಂದಿನ ನಾನಾಗಿದ್ದರೆ ಆ ಅರ್ಧವನ್ನೇ ಹಿಡಿದುಕೊಂಡು ರೈಲು ತುಂಬ ಅಳುತ್ತಿದ್ದೆ. ಅವತ್ತು ಕಡಲೆಕಾಯಿ ತಿನ್ನುತ್ತ ಬಂದೆ. ಇನ್ನೊಂದು ತಿಂಗಳು ಎಂದು ಗಂಡ ಹೇಳಿದಾಗ ಅತ್ತೆಯ ಮುಖ ಅರಳಿತು.

"ಒಳ್ಳೇದಾಯ್ತು ಬುಡು. ಕತೆ ಮುಗೀಲಿ."

ಮೂರು ದಿನದ ಮೇಲೆ ಆ ಅಧ್ಯಾಯ ಬಂತು. ಮಾರಿಹೋದ ತಮ್ಮ ಈಗ ದೊಡ್ಡ ಅಧಿಕಾರಿ. ಬರಗಾಲದಲ್ಲಿ ಧಾನ್ಯ ಕೇಳಿಕೊಂಡು ಬಂದ ಅಣ್ಣಂದಿರಿಗೆ ಅವನ ಗುರುತು ಸಿಕ್ಕಿಲ್ಲ. ಅವನು ಸೇವಕರನ್ನೆಲ್ಲ ಆಚೆ ಕಳಿಸಿ, ನಾನೇ ನಿಮ್ಮ ತಮ್ಮ ಎಂದು ಗಟ್ಟಿಯಾಗಿ ಅಳುತ್ತಾನೆ. ಮೇಷ್ಟ್ರ ದನಿ ಅಲ್ಲಿಗೆ ಬಂದು ಒಡೆಯಿತು. ಮತ್ತೆ ಶುರುಮಾಡಿದರು, ಆಗಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು. ಅತ್ತೆ ಏನೂ ಕೇಳಲಿಲ್ಲ. ನನಗಂತೂ ಕೇಳಲು ಬಾಯಿಯೇ ಇರಲಿಲ್ಲ. ಬಹುಶಃ ಅದಕ್ಕೇ ಅವರು ಹೇಳಿದರು.

"ನನಗೊಬ್ಬ ತಮ್ಮ ಇದಾನೆ ಕಣಮ್ಮ. ಊರಲ್ಲೇ ಇದಾನೆ. ಮಾತು ಬಿಟ್ಟು ಒಂಬತ್ತು ವರ್ಷ ಆಯ್ತು."

ತಂದೆ ಹೋದ ಮೇಲೆ ಹೊಲದ ಬಾವಿ ಯಾರ ಭಾಗಕ್ಕೆ ಎಂದು ಜಗಳವಾಗಿತ್ತಂತೆ. ಬಾವಿ ಆಮೇಲೆ ತಾನಾಗಿಯೇ ಬತ್ತಿಹೋಯಿತು, ಸಿಟ್ಟು ಬತ್ತಲಿಲ್ಲ ಎಂದರು. ಅತ್ತೆ ಅವತ್ತು ಪ್ರಾರ್ಥನೆಯನ್ನು ಬಹಳ ಚಿಕ್ಕದಾಗಿ ಮಾಡಿದರು. ಮೇಷ್ಟ್ರ ತಮ್ಮನ ಹೆಸರೇನು ಎಂದು ಮಾತ್ರ ಮೊದಲು ಕೇಳಿ ತಿಳಿದುಕೊಂಡರು.

ಸಂಕ್ರಾಂತಿಯ ದಿನ ಬೆಳಗ್ಗೆ ಮೇಷ್ಟ್ರು ಓದಲು ಬರಲಿಲ್ಲ. ಎಳ್ಳುಬೆಲ್ಲದ ಡಬ್ಬಿ, ಎರಡು ಜಲ್ಲೆ ಕಬ್ಬು ಹಿಡಿದುಕೊಂಡು ಊರಿನ ಬಸ್ಸು ಹತ್ತಿದರು ಎಂದು ಅವರ ಹೆಂಡತಿ ಗೋಡೆಯ ಆಚೆಯಿಂದಲೇ ಹೇಳಿದರು. ಅತ್ತೆ ದಿನವಿಡೀ ಒಳಗೂ ಹೊರಗೂ ಓಡಾಡಿದರು. ಇಳಿಹೊತ್ತಿಗೆ ಮೇಷ್ಟ್ರು ವಾಪಸಾಗಿ ನೇರ ನಮ್ಮ ಮನೆಗೇ ಬಂದರು. ಏನಾಯಿತು ಎಂದು ಅತ್ತೆ ಕೇಳಿದರೆ, ತಮ್ಮನೇ ಮನೆಯಲ್ಲಿರಲಿಲ್ಲ ಎಂದರು! ಎತ್ತು ನೋಡಲು ಯಾವುದೋ ಹಳ್ಳಿಗೆ ಹೋಗಿದ್ದನಂತೆ. ಮತ್ತೆ ಇಷ್ಟು ಹೊತ್ತು ಏನು ಮಾಡಿದಿರಿ ಎಂದದ್ದಕ್ಕೆ, ತಮ್ಮನ ಹೆಂಡತಿ ಎಲೆ ಹಾಕಿದಳು, ಪೊಂಗಲ್ ಊಟ ಮಾಡಿದೆ, ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿದ್ದೆಯನ್ನೂ ಮಾಡಿ ಬಂದೆ ಎಂದರು. ಒಂಬತ್ತು ವರ್ಷದ ಹಗೆಯ ಮನೆಯಲ್ಲಿ ಮಲಗಿ ಗೊರಕೆ ಹೊಡೆದು ಬಂದಿದ್ದ ಆ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರ ಭಯಕ್ಕೆ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದೆ.

ಮುಂದಿನ ಭಾನುವಾರ ಮೇಷ್ಟ್ರ ತಮ್ಮ ಬಂದರು. ಹೆಗಲ ಮೇಲೆ ಸೊಗಡವರೆಯ ಚೀಲ. ಆ ರಾತ್ರಿ ಅಣ್ಣನ ಮನೆಯಲ್ಲೇ ಉಳಿದು, ಬೆಳಗ್ಗೆ ಅಣ್ಣನ ಹಿಂದೆ ನಮ್ಮ ಮನೆಯ ಹೊಸಿಲು ದಾಟಿ ಬಂದು ಚಾಪೆಯ ಅಂಚಿನಲ್ಲಿ ಕೂತರು. ಮೇಷ್ಟ್ರು ಪುಸ್ತಕ ತೆರೆಯುವ ಮೊದಲು, "ಇವನು ನನ್ನ ತಮ್ಮ," ಎಂದರು. ಅವರು ಅವತ್ತು ಓದಿದ್ದು ಬಹಳ ಚೆನ್ನಾಗಿತ್ತು. ಒಂದು ವಾರ ನಮ್ಮ ಎರಡೂ ಮನೆಗಳಲ್ಲಿ ಅವರೆಕಾಳಿನ ಸಾರು, ಹಿತಕಿದ ಬೇಳೆ, ಅವರೆಕಾಳಿನ ಉಪ್ಪಿಟ್ಟು.

ಫೆಬ್ರವರಿಯಲ್ಲಿ ಡಾಕ್ಟರು ಮಾತಾಡಬಹುದು ಎಂದರು. ಆಪರೇಷನ್ ಬೇಕಾಗಲಿಲ್ಲ. ಮೊದಲ ಮಾತು ಏನಾಡಲಿ ಎಂದು ತಿಂಗಳುಗಟ್ಟಲೆ ಯೋಚಿಸಿದ್ದವಳು, ಅವರ ಎದುರು ಆಡಿದ್ದು "ಸರಿ ಸಾರ್" ಎಂಬುದನ್ನು. ದನಿ ಮೊದಲಿಗಿಂತ ದಪ್ಪವಾಗಿತ್ತು, ಮೆತ್ತಗಿತ್ತು. ಮನೆಗೆ ಬಂದು "ಅತ್ತೆ" ಎಂದೆ. ಅವರು ಒಲೆಯ ಮುಂದಿನಿಂದ ತಿರುಗಿ, ಯಾರೋ ಬಂದಿದ್ದಾರೆ ಎಂದುಕೊಂಡು ನನ್ನ ಹಿಂದೆ ನೋಡಿದರು.

ಶಾಲೆಗೆ ಹೋದೆ. ಕೂಗುವಂತಿರಲಿಲ್ಲ. ಮಕ್ಕಳನ್ನು ಹುಣಸೆಮರದ ಕೆಳಗೆ ಕೂರಿಸಿ ಮೆಲ್ಲಗೆ ಪಾಠ ಶುರುಮಾಡಿದೆ. ಹಿಂದೆ ಕೂತವರಿಗೆ ಕೇಳಿಸಲಿಲ್ಲ. ಅವರು ಮುಂದಿನವರನ್ನು ಸುಮ್ಮನಿರಿಸಿದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಬಾಗಿ ಕೇಳುತ್ತಿದ್ದರು. ನಾಲ್ಕು ವರ್ಷ ಯಾಕೆ ಕೂಗಿದೆನೋ ಎನ್ನಿಸಿತು.

ನನಗೆ ಮಾತು ಬಂದ ಮೇಲೆ ಮೇಷ್ಟ್ರು ಓದು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆವು. ಅವರು ಆ ಮಾತನ್ನೇ ಎತ್ತಲಿಲ್ಲ. ವಾರದಲ್ಲಿ ಮೂರು ದಿನ ಅವರು, ಉಳಿದ ದಿನ ನಾನು ಎಂದಾಯಿತು. ಒಮ್ಮೆ ಅವರು ಅತ್ತೆಗೆ ಅಕ್ಷರ ಕಲಿಸಲು ಮುಂದಾದರು. ಇಷ್ಟು ನೆನಪಿನ ಶಕ್ತಿ ಇರುವವರಿಗೆ ಎರಡು ತಿಂಗಳು ಸಾಕು ಎಂದರು.

"ಬ್ಯಾಡಿ ಮೇಷ್ಟ್ರೇ," ಎಂದರು ಅತ್ತೆ. "ನಾನೇ ಓದ್ಕಂಡ್ರೆ ನೀವ್ಯಾಕ್ ಬತ್ತೀರಿ?"

ಆ ಮೇಲೆ ನಮಗೆ ಮಗಳು ಹುಟ್ಟಿದಳು. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ ನನಗೆ ಟಿ. ನರಸೀಪುರಕ್ಕೇ ವರ್ಗವಾಗಿ, ಹೊಳೆಗೆ ಹತ್ತಿರದ ಒಂದು ಬೀದಿಯಲ್ಲಿ ಮನೆ ಮಾಡಿದೆವು. ಚಿಂತೆಗಳು ಅಲ್ಲಿಗೂ ಬಂದವು. ಮಗುವಿನ ಜ್ವರ, ಗಂಡನ ಗ್ಯಾರೇಜ್ ಮುಚ್ಚಿದ್ದು. ಆದರೆ ಬೆಳಗ್ಗೆ ಓದಿ, ಸುಮ್ಮನೆ ಕೂತು ಎದ್ದರೆ ಆ ದಿನಕ್ಕೆ ಬೇಕಾದಷ್ಟು ಧೈರ್ಯ ಸಿಗುತ್ತಿತ್ತು. ಮರುದಿನದ್ದನ್ನು ಮರುದಿನವೇ ಕೇಳಿಕೊಳ್ಳುತ್ತಿದ್ದೆ.

ಹೊರಡುವಾಗ ಮೇಷ್ಟ್ರಿಗೆ ಒಂದು ಹೊಸ ಸತ್ಯವೇದ ಕೊಟ್ಟು ಬಂದಿದ್ದೆವು. ನಮ್ಮ ಮನೆಗೆ ಫೋನ್ ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಅವರು ಕರೆ ಮಾಡಿದರು. ಕುಶಲವನ್ನೂ ಕೇಳದೆ ನೇರ ವಿಷಯಕ್ಕೆ ಬಂದರು. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತ ಆ ಒಳ್ಳೆಯ ಮನುಷ್ಯನ ಕಥೆಗೆ ಬಂದಿದ್ದೇನೆ, ಅವನ ಸ್ನೇಹಿತರು ಏಳು ದಿನ ಬಾಯಿ ಬಿಡದೆ ಪಕ್ಕದಲ್ಲಿ ಕೂತಿದ್ದರಲ್ಲ, ಅಲ್ಲಿಯವರೆಗೆ ಬಹಳ ಚೆನ್ನಾಗಿತ್ತು, ಮಾತು ಶುರುಮಾಡಿ ಎಲ್ಲ ಕೆಡಿಸಿದರು ಎಂದು ಅವರಿಗೆ ಸಿಟ್ಟು. ನಾನು ಉತ್ತರ ಹೇಳುವಷ್ಟರಲ್ಲಿ ಅತ್ತೆ ರಿಸೀವರ್ ಕೇಳಿದರು. ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡು, ಮಾತಾಡಿದ್ದು ಬಿಡಿ, ಏನು ಬರೆದಿದೆಯೋ ಅದನ್ನು ಓದಿ ಎಂದು ಮೇಷ್ಟ್ರಿಗೆ ಹೇಳಿದರು. ಆ ಕಡೆಯಿಂದ ದನಿ ಶುರುವಾಯಿತು. ಒಲೆಯ ಮೇಲಿದ್ದ ಕುಕ್ಕರ್ ಇನ್ನೇನು ಕೂಗುವುದರಲ್ಲಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡೇ ನನಗೆ ಒಲೆ ಆರಿಸಲು ಕೈಸನ್ನೆ ಮಾಡಿದರು.